ಉಣ್ಣೋ ಕೈ ಕಡೆಯ ಗಾಯ

"ಗಾಯ ಎಲ್ಲಾ ಮುಚ್ಚಿಬಿಡು" ಎಂದು ಎಡಚಣ್ಣ ತನ್ನ ಭಾವಮೈದುನನಿಗೆ ಹೇಳಿದ್ದು ಹಲ್ಲು ಕೀಳಿಸಿಕೊಳ್ಳಲು ಹೊರಟ ಅವಸರದಲ್ಲಿ. ಒಂದು ಕೈ ಕೆನ್ನೆಯ ಮೇಲಿತ್ತು, ಒಂದು ಕಾಲು ಮಾತ್ರ ಚಪ್ಪಲಿಯೊಳಗಿತ್ತು. ಆ ಸ್ಥಿತಿಯಲ್ಲಿ ಯಾರೂ ಮಾತನ್ನು ಬಿಡಿಸಿ ಹೇಳುವುದಿಲ್ಲ.

ಎಡಚಣ್ಣನ ಕಸುಬು ಚರ್ಚುಗಳ ಹಳೆಯ ಮೂರ್ತಿಗಳಿಗೆ ಬಣ್ಣ ಹಚ್ಚುವುದು. ಆ ಮನೆಯಲ್ಲಿ ಮೂರ್ತಿಯ ಮೇಲಿನ ಸೀಳು, ಗೀರು, ಚಕ್ಕೆ ಎದ್ದ ಜಾಗ ಎಲ್ಲಕ್ಕೂ ಒಂದೇ ಹೆಸರು, ಗಾಯ. ಅವನ ಅಪ್ಪನೂ ಹಾಗೇ ಅನ್ನುತ್ತಿದ್ದ. "ಈ ದೇವದೂತನ ರೆಕ್ಕೆಗೆ ಗಾಯ ಆಗಿದೆ, ಮೊದಲು ಅದನ್ನ ಮುಚ್ಚು" ಅಂದರೆ ಮನೆಯ ಬೆಕ್ಕಿಗೂ ಅರ್ಥವಾಗುತ್ತಿತ್ತು.

ಆದರೆ ಆ ದಿನ ಕೆಲಸದ ಕೋಣೆಯಲ್ಲಿ ನಿಂತಿದ್ದವರು ಐದು ಗಾಯದ ಸಂತರು. ಬೆಟ್ಟದ ಮೇಲೆ ಧ್ಯಾನದಲ್ಲಿದ್ದಾಗ, ಶಿಲುಬೆಯ ಮೇಲಿನ ಯೇಸುವಿನ ಐದು ಗಾಯಗಳೂ ಇವರ ಮೈಮೇಲೆ ತಾವಾಗಿಯೇ ಮೂಡಿದವಂತೆ. ಎರಡು ಅಂಗೈಯಲ್ಲಿ, ಎರಡು ಪಾದದಲ್ಲಿ, ಒಂದು ಪಕ್ಕೆಯಲ್ಲಿ. ಮೂರ್ತಿಯಲ್ಲಿ ಆ ಐದನ್ನೂ ಕೊರೆದು ಬಣ್ಣ ತುಂಬಿದ್ದು ಎಡಚಣ್ಣನ ಅಪ್ಪ. ಅಪ್ಪ ಮಾಡಿದ ಮಿಕ್ಕ ಮೂರ್ತಿಗಳೆಲ್ಲ ಹಳತಾಗಿ ಮೂಲೆಗೆ ಸೇರಿ, ಅವುಗಳ ಜಾಗಕ್ಕೆ ಕಾರ್ಖಾನೆಯ ಹೊಳೆಯುವ ಸಂತರು ಬಂದು ನಿಂತಿದ್ದರು. ಅಪ್ಪನ ಕೈ ಅಂತ ಆ ಊರಲ್ಲಿ ಉಳಿದಿದ್ದು ಈ ಐದು ಗಾಯ ಮಾತ್ರ. ಮೂರ್ತಿ ಕಳಿಸುವಾಗ ಚರ್ಚಿನ ಗುರುಗಳೂ ಕಟ್ಟುನಿಟ್ಟಾಗಿ ಹೇಳಿದ್ದರು: "ಬಣ್ಣ ನಿಮಗೆ ಬಿಟ್ಟಿದ್ದು. ಗಾಯ ಮಾತ್ರ ಮುಟ್ಟಬೇಡಿ. ಜನ ಬರೋದೇ ಅದನ್ನ ನೋಡೋಕೆ."

ಎಡಚಣ್ಣನಿಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಅವನು ಜನ್ಮದಲ್ಲಿ ಒಂದು ಗಾಯವನ್ನೂ ಬರೆದವನಲ್ಲ. ಅಪ್ಪ ಇದ್ದಾಗ "ಗಾಯ ನಾನು ಬರೀತೀನಿ, ನೀನು ಬಟ್ಟೆ ಬರಿ" ಅನ್ನುತ್ತಿದ್ದ. ಅಪ್ಪ ಹೋದ ಮೇಲೆ ಇವನು ಗಾಯವಿಲ್ಲದ ಮೂರ್ತಿಗಳನ್ನೇ ಆರಿಸಿ ಒಪ್ಪಿಕೊಳ್ಳುತ್ತಿದ್ದ. ಕುರುಬರು, ದೇವದೂತರು, ಕುರಿಮರಿಗಳು. ಯಾರಾದರೂ ಶಿಲುಬೆ ತಂದರೆ ಸೊಂಟ ಹಿಡಿದಿದೆ ಎಂದು ಮಂಚ ಹತ್ತಿ ಮಲಗಿಬಿಡುತ್ತಿದ್ದ.

ಮಾರನೆಯ ಬೆಳಿಗ್ಗೆ ಬಾಯಿತುಂಬ ಹತ್ತಿ ಇಟ್ಟುಕೊಂಡು ಅವನು ಮೂರ್ತಿಯ ಮೇಲಿನ ಬಟ್ಟೆ ಸರಿಸಿದ. ಸಂತರು ಆಸ್ಪತ್ರೆಯಲ್ಲಿ ಒಂದು ತಿಂಗಳು ಆರೈಕೆ ಪಡೆದು ಬಂದವರ ಹಾಗೆ ಕಳೆಕಳೆಯಾಗಿ ನಿಂತಿದ್ದರು. ಅಂಗೈ ನುಣ್ಣಗೆ. ಪಾದ ನುಣ್ಣಗೆ. ಕಂದು ನಿಲುವಂಗಿ ಎರಡು ಪಕ್ಕೆಯಲ್ಲೂ ಇಸ್ತ್ರಿ ಹೊಡೆದ ಹಾಗೆ ಸಪಾಟು.

"ಗಾಯ ಎಲ್ಲೋ?" ಎಡಚಣ್ಣನ ಬಾಯಿಂದ ಮಾತಿಗಿಂತ ಮುಂಚೆ ಹತ್ತಿ ಬಂತು.

"ಮುಚ್ಚಿದೆನಲ್ಲ ಭಾವ! ನೀವೇ ಹೇಳಿದ್ರಿ." ಭಾವಮೈದುನ ಹೆಮ್ಮೆಯಿಂದ ಮುಂದೆ ಬಂದ. ಅವನು ಗೋಡೆಗೆ ಪುಟ್ಟಿ ಮೆತ್ತುವವನು. ಕೆಲಸವಿಲ್ಲದ ದಿನ ಭಾವನ ಕೈಕೆಳಗೆ ಬರುತ್ತಿದ್ದ. "ಒಂದೂ ಬಿಟ್ಟಿಲ್ಲ. ಕೈಗೊಂದು, ಕಾಲಿಗೊಂದು, ಪಕ್ಕೆಯಲ್ಲಂತೂ ಬೆರಳು ಹೋಗೋವಷ್ಟು ತೂತು! ಇಷ್ಟು ವರ್ಷ ಪಾಪ ಯಾರೂ ನೋಡಿಕೊಂಡೇ ಇಲ್ಲವಲ್ಲ ಅಂತ ನಂಗೇ ಬೇಜಾರಾಯ್ತು. ಮುಚ್ಚಿ, ಎರಡು ಕೋಟು ಬಣ್ಣ, ಮೇಲೆ ವಾರ್ನಿಷ್ಷೂ ಹೊಡೆದೆ."

ಎಡಚಣ್ಣ ಒಂದು ಚಾಕು ತಂದು ಸಂತರ ಅಂಗೈಯನ್ನು ಮೆಲ್ಲಗೆ ಕೆರೆದ. ಪುಟ್ಟಿ ಉದುರಿತು. ಕೆಳಗೆ ಬರೀ ಬಿಳಿ.

"ಕೆಂಪು ಎಲ್ಲಿ ಹೋಯ್ತು?"

"ಉಪ್ಪು ಕಾಗದದಲ್ಲಿ ತಿಕ್ಕಿ ತೆಗೆದೆ ಭಾವ. ತಿಕ್ಕದೆ ಮೆತ್ತಿದರೆ ಪುಟ್ಟಿ ಹಿಡಿಯಲ್ಲ. ಕಸುಬು ಅಂದಮೇಲೆ ಕಸುಬು."

ಎಡಚಣ್ಣ ಸ್ಟೂಲಿನ ಮೇಲೆ ಕುಸಿದ. ಮೂರ್ತಿಯನ್ನು ಸಂಜೆ ಚರ್ಚಿನವರು ಬಂದು ಒಯ್ಯುವವರಿದ್ದರು. ಪ್ರಾರ್ಥನೆಗೆ ಊರೆಲ್ಲ ಸೇರುತ್ತದೆ. ಅಷ್ಟರೊಳಗೆ ಅಪ್ಪನ ಐದು ಗಾಯಗಳನ್ನು, ಒಂದೂ ಗಾಯ ಬರೆಯದ ಈ ಕೈಯಿಂದ, ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಮೂಡಿಸಬೇಕು. ಇಲ್ಲದಿದ್ದರೆ ಅಪ್ಪನ ಹೆಸರನ್ನು ಮಗನೇ ಪುಟ್ಟಿ ಹಾಕಿ ಒರೆಸಿದ ಅನ್ನುತ್ತಾರೆ. ಅಂದರೆ ತಪ್ಪೂ ಅಲ್ಲ.

ಕೈ ಕಾಲಿನ ನಾಲ್ಕು ಗಾಯ ಎಲ್ಲಿದ್ದವೆಂಬುದರಲ್ಲಿ ಅನುಮಾನವಿರಲಿಲ್ಲ. ತೊಡಕಾದದ್ದು ಐದನೆಯದು.

"ಪಕ್ಕೆಯ ತೂತು ಎಡಕ್ಕಿತ್ತೋ ಬಲಕ್ಕಿತ್ತೋ?"

"ಗೋಡೆಗೆ ಎಡ ಬಲ ಎಲ್ಲಿಯದು ಭಾವ? ನಾನು ಅವರನ್ನ ಮಲಗಿಸಿಕೊಂಡು ಮೆತ್ತಿದ್ದು. ತೂತು ಕಿಟಕಿ ಕಡೆ ಇತ್ತು."

"ತಲೆ ಯಾವ ಕಡೆ ಇತ್ತು?"

ಭಾವಮೈದುನ ಬಹಳ ಹೊತ್ತು ಯೋಚಿಸಿದ. "ಮೇಲ್ಗಡೆ" ಅಂದ.

ಎಡಚಣ್ಣ ನಿಲುವಂಗಿಯ ಎಡ ಪಕ್ಕೆ ಕೆರೆದ. ಬಿಳಿ ಪುಟ್ಟಿ. ಬಲ ಪಕ್ಕೆ ಕೆರೆದ. ಬಿಳಿ ಪುಟ್ಟಿ. ಎರಡು ಕಡೆಯೂ ಹಳೆಯ ಸೀಳುಗಳಿದ್ದವು; ಎರಡು ಕಡೆಯೂ ಪುಣ್ಯಾತ್ಮ ಧಾರಾಳವಾಗಿ ಮೆತ್ತಿದ್ದ. ಇನ್ನೂ ಕೆರೆದರೆ ಮೂರ್ತಿಗೆ ಹೊಸ ಬಣ್ಣ ಹಚ್ಚುವಷ್ಟು ಹೊತ್ತಿರಲಿಲ್ಲ.

ಬೇರೆ ಕಡೆಯ ಮೂರ್ತಿಗಳಲ್ಲಿ ಪಕ್ಕೆಯ ಗಾಯ ಸಾಮಾನ್ಯವಾಗಿ ಬಲಕ್ಕಿರುತ್ತದೆ. ಅಷ್ಟು ಅವನಿಗೂ ಗೊತ್ತು. ಆದರೆ ಈ ಮೂರ್ತಿಯ ವಿಷಯದಲ್ಲಿ ಏನೋ ಒಂದು ನಡೆದಿತ್ತು ಎಂಬ ನೆನಪು ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿತ್ತು. ಅವನು ಆಗ ಚಿಕ್ಕವನು. ಎಣ್ಣೆಬಣ್ಣದ, ಮೇಣದ, ಅಪ್ಪನ ಹಳೆಯ ಅಂಗಿಯ ವಾಸನೆ. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿದೆ. ತಾನು ಸಂತರ ಪಕ್ಕದಲ್ಲಿ ಕೈ ಎತ್ತಿಕೊಂಡು ನಿಂತಿದ್ದೇನೆ. ಅಪ್ಪ ನಗುತ್ತಿದ್ದಾನೆ, ಕುಂಚ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ. ಯಾವ ಕೈ ಎತ್ತಿದ್ದೆ, ಅಪ್ಪ ಯಾಕೆ ನಕ್ಕ, ಎರಡೂ ನೆನಪಿಗೆ ಬರಲೊಲ್ಲದು.

ಹಾಗೆ ನೋಡಿದರೆ ಎಡ ಬಲದಲ್ಲಿ ಅವನು ಮೊದಲಿಂದಲೂ ಗಟ್ಟಿಗನಲ್ಲ. ಹುಟ್ಟಾ ಎಡಚ. ಶಾಲೆಯಲ್ಲಿ ಬೆರಳ ಗಂಟಿಗೆ ಹೊಡೆದು ಹೊಡೆದು ಬಲಗೈಯಲ್ಲಿ ಬರೆಯಲು ಕಲಿಸಿದ್ದರು. ಅಂದಿನಿಂದ ಯಾರಾದರೂ ಬಲಕ್ಕೆ ತಿರುಗು ಅಂದರೆ, ಯಾವ ಬೆರಳ ಗಂಟು ಚುರುಗುಟ್ಟುತ್ತದೆ ಅಂತ ನೋಡಿಕೊಂಡು ತಿರುಗುತ್ತಿದ್ದ. ನಿನ್ನೆ ಹಲ್ಲಿನ ಡಾಕ್ಟರು "ಯಾವ ಕಡೆ?" ಎಂದಾಗಲೂ ಬಾಯಿಂದ ಹೇಳಿರಲಿಲ್ಲ, ಬೆರಳಿಟ್ಟು ತೋರಿಸಿದ್ದ.

ಊರಿನವರು ಆ ಸಂತರ ಮುಂದೆ ಇಷ್ಟು ವರ್ಷ ಮೊಣಕಾಲೂರಿದ್ದಾರೆ, ಒಬ್ಬರಿಗಾದರೂ ಗೊತ್ತಿರಲೇಬೇಕು. ಅವನು ಅಂಗಿ ತೊಟ್ಟು ಹೊರಬಿದ್ದ.

ಎದುರಿಗೇ ಕ್ಷೌರದಂಗಡಿ. "ಅಣ್ಣಾ, ಸುಮ್ಮನೆ ಕೇಳ್ತೀನಿ. ನಮ್ಮ ಸಂತರ ಪಕ್ಕೆಯ ಗಾಯ ಯಾವ ಕಡೆ ಇದೆ?"

"ಬಲಕ್ಕೆ. ಕಣ್ಣು ಮುಚ್ಚಿ ಹೇಳ್ತೀನಿ" ಅಂದ ಕ್ಷೌರಿಕ, ಗಿರಾಕಿಯ ಗಲ್ಲಕ್ಕೆ ನೊರೆ ಬಳಿಯುತ್ತ.

"ಸಂತರ ಬಲಕ್ಕೋ, ನಿನ್ನ ಬಲಕ್ಕೋ?"

ಕ್ಷೌರಿಕನ ಕೈ ನಿಂತಿತು. "ನನ್ನ ಬಲ ಅಂದ್ರೆ... ನಮ್ಮ ಕಸುಬಲ್ಲಿ ಬಲ ಅಂದ್ರೆ ಕನ್ನಡಿಯೊಳಗಿನ ಗಿರಾಕಿಯ ಬಲ ಕಣಯ್ಯ. ಅಂದ್ರೆ ಗಿರಾಕಿಯ ಎಡ. ಆದರೆ ಸಂತರು ನನ್ನ ಕಡೆ ತಿರುಗಿದ್ದಾರೆ, ಕನ್ನಡಿ ಇಲ್ಲ..." ಅವನು ಇನ್ನೊಂದು ಕೈಯ ಕತ್ತಿಯನ್ನು ಗಾಳಿಯಲ್ಲಿ ಅತ್ತ ಇತ್ತ ಆಡಿಸಿದ. ಗಿರಾಕಿ ನೊರೆಯ ಸಮೇತ ಕುರ್ಚಿಯಲ್ಲಿ ಕೆಳಗೆ ಜಾರಿದ. "ನಿಂಗೆ ಯಾಕೆ ಬೇಕು ಪಕ್ಕೆ ವಿಷಯ?"

"ಏನಿಲ್ಲ, ಹಾಗೇ ಸುಮ್ಮನೆ" ಎಂದು ಎಡಚಣ್ಣ ತನ್ನ ಎರಡು ಪಕ್ಕೆಯನ್ನೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಹೊರಟ.

ಚರ್ಚಿನ ಗಂಟೆ ಹೊಡೆಯುವವನು ಇನ್ನೂ ಪ್ರಾಮಾಣಿಕ. "ನಾನು ನಿಲ್ಲೋದು ಅವರ ಹಿಂದೆ. ಬೆನ್ನು ಕೇಳು, ಹೇಳ್ತೀನಿ. ಬೆನ್ನಲ್ಲಿ ಏನೂ ಇಲ್ಲ." ಅವನ ಮದುವೆಯ ಫೋಟೋ ಸಂತರ ಮುಂದೆಯೇ ತೆಗೆಸಿದ್ದು. ಒಳಗಿಂದ ತಂದು ಅಂಗಿಯ ತೋಳಿನಿಂದ ಒರೆಸಿ ತೋರಿಸಿದ. ಸಂತರ ತಲೆ ಕಾಣುತ್ತಿತ್ತು, ಪಾದ ಕಾಣುತ್ತಿತ್ತು. ನಡುವೆ ಇದ್ದುದೆಲ್ಲ ಗಂಟೆಯವನ ಸೋದರಮಾವ.

"ಆಗ ದಪ್ಪ ಇದ್ದರು" ಅಂದ ಗಂಟೆಯವನು ಮೆಲ್ಲಗೆ. "ಆಮೇಲೆ ಕಾಯಿಲೆ ಬಿದ್ದು ಇಳಿದರು." ಎಡಚಣ್ಣ ಫೋಟೋ ಮರಳಿಸಿ ಮುಂದೆ ನಡೆದ.

ಚರ್ಚಿನ ಬಾಗಿಲಲ್ಲಿ ಮೇಣದ ಬತ್ತಿ ಮಾರುವ ಅಜ್ಜಿ ಕೂತಿದ್ದಳು. ಅವಳಿಗೆ ಕಣ್ಣು ಮಸುಕು. ದಿನಾ ಬೆಳಿಗ್ಗೆ ಒಂದು ಕೈಯಲ್ಲಿ ಬತ್ತಿ ಹಿಡಿದು, ಇನ್ನೊಂದು ಕೈಯಿಂದ ಸಂತರ ಪಕ್ಕೆಯ ಗಾಯ ಮುಟ್ಟಿಯೇ ವ್ಯಾಪಾರ ಶುರುಮಾಡುತ್ತಿದ್ದವಳು. ಇವಳಿಗಿಂತ ಸಾಕ್ಷಿ ಬೇಕೆ?

"ಅಜ್ಜಿ, ನೀನು ಗಾಯ ಮುಟ್ಟೋದು ಯಾವ ಕೈಯಲ್ಲಿ?"

"ಬತ್ತಿ ಹಿಡಿಯದ ಕೈಯಲ್ಲಿ ಮಗಾ."

"ಬತ್ತಿ ಹಿಡಿಯೋದು ಯಾವ ಕೈಯಲ್ಲಿ?"

"ಗಾಯ ಮುಟ್ಟದ ಕೈಯಲ್ಲಿ. ಎರಡೂ ಒಂದೇ ಕೈಯಲ್ಲಿ ಮಾಡೋಕಾಗುತ್ತಾ? ಸುಟ್ಟುಹೋಗಲ್ವಾ ಸಂತರು?"

"ಅಲ್ಲ ಅಜ್ಜಿ, ಈಗ ಒಂದ್ಸಲ ಕೈ ಚಾಚಿ ತೋರಿಸು."

"ಬರೀ ಗಾಳಿಗೆ ತೋರಿಸೋಕೆ ನಂಗೇನು ಹುಚ್ಚಾ? ಸಂಜೆ ಬರ್ತಾರಲ್ಲ, ಮುಟ್ಟೇ ತೋರಿಸ್ತೀನಿ."

ಅವನು ಬರಿಗೈಯಲ್ಲಿ ಮನೆಗೆ ಬಂದರೆ ಅಂಗಳದ ತುಂಬ ಜನ. ಕ್ಷೌರಿಕ ಕತ್ತಿ ಕೆಳಗಿಟ್ಟ ತಕ್ಷಣ ಬಾಯಿ ಎತ್ತಿಕೊಂಡಿದ್ದ. ಎಡಚಣ್ಣನಿಗೆ ಪಕ್ಕೆಯಲ್ಲಿ ವಿಪರೀತ ನೋವಂತೆ, ಮುಖ ಊದಿಕೊಂಡಿದೆಯಂತೆ, ಬಾಯಲ್ಲಿ ರಕ್ತವಂತೆ, ಸಂತರ ಹೆಸರು ಹೇಳಿಕೊಂಡು ಬೀದಿ ಬೀದಿ ಅಲೆಯುತ್ತಿದ್ದಾನಂತೆ.

"ಯಾವ ಕಡೆ ನೋವು? ಎಡ ಆದರೆ ಹೃದಯ" ಅಂದಳು ಪಕ್ಕದ ಮನೆಯಾಕೆ.

"ಬಲ ಆದರೆ ಪಿತ್ತಕೋಶ" ಅಂದ ಕ್ಷೌರಿಕ. "ನಮ್ಮ ಗಿರಾಕಿ ಒಬ್ಬರು ಹೀಗೇ ಅಂತಂತಲೇ ಹೋದರು."

"ರೀ, ಬಾಯಿ ಬಿಟ್ಟು ಹೇಳ್ರೀ! ಎಡಕ್ಕಾ ಬಲಕ್ಕಾ?" ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಎಡಚಣ್ಣನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. "ಅದೇ ಗೊತ್ತಾಗ್ತಿಲ್ಲ ಕಣೇ" ಅಂದ, ಹೃದಯ ಬಿಚ್ಚಿ.

"ಅಯ್ಯೋ, ಎರಡೂ ಕಡೆ!" ಎಂದು ಪಕ್ಕದ ಮನೆಯಾಕೆ ಕೂಗಿದ್ದೇ ತಡ, ಇಬ್ಬರು ತೋಳು ಹಿಡಿದರು, ಇಬ್ಬರು ಕಾಲು ಹಿಡಿದರು. ಮಂಚದ ಮೇಲೆ ಮಲಗಿಸಿ ಎಡಕ್ಕೊಂದು ಬಲಕ್ಕೊಂದು ಬಿಸಿನೀರಿನ ಚೀಲ ಇಟ್ಟರು. ಏಳಹೋದರೆ "ಮಾತಾಡಬಾರದು" ಎಂದು ಬಾಯಿಗೆ ಮತ್ತೆ ಹತ್ತಿ ತುರುಕಿದರು. ಸಾಯುವವನನ್ನು ನೋಡಲು ಬಂದವರು ಕುರ್ಚಿ ಎಳೆದುಕೊಂಡು ಅವನ ಅಪ್ಪನ ಮಾತು ತೆಗೆದರು. ಎಂಥ ಕಸುಬುದಾರ, ಎಂಥ ಕೈ, ಮಗನಿಗೆ ಅದರಲ್ಲಿ ಕಾಲುಪಾಲೂ ಬರಲಿಲ್ಲ, ಪಾಪ, ಅದೇ ಕೊರಗಿರಬೇಕು. ಎಡಚಣ್ಣ ಎರಡು ಚೀಲಗಳ ನಡುವೆ ಬೇಯುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಬಿಡಿಸಿದ್ದು ಭಾವಮೈದುನ. "ಡಾಕ್ಟರು ಬಂದ್ರು! ಬೀದಿ ಕೊನೆಯಲ್ಲಿದ್ದಾರೆ!" ಎಂದು ಸುಳ್ಳೇ ಕೂಗಿದ. ಎಲ್ಲರೂ ದಾರಿ ತೋರಿಸಲು ಓಡಿದರು. ಎಡಚಣ್ಣ ಹಿತ್ತಿಲಿಂದ ಕೆಲಸದ ಕೋಣೆಗೆ ನುಗ್ಗಿ ಒಳಗಿನಿಂದ ಅಗುಳಿ ಹಾಕಿಕೊಂಡ.

ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತಿತ್ತು. ಅವನು ಅಪ್ಪನ ಹಳೆಯ ಡಬ್ಬಿಗಳನ್ನು ತೆರೆದ. ಕೆಂಪಿಗೆ ಒಂದು ಚಿಟಿಕೆ ಕಂದು, ಎಣ್ಣೆ, ಕರಗಿಸಿದ ಮೇಣ. ಅಪ್ಪ ಮಾಡುತ್ತಿದ್ದುದನ್ನು ಬಣ್ಣದ ಬಟ್ಟಲು ಹಿಡಿದು ಎಷ್ಟು ಸಲ ನೋಡಿರಲಿಲ್ಲ! "ಬರೀ ಕೆಂಪು ಬಳಿದರೆ ಅದು ಜಾಮು ಕಣೋ. ನಡುವೆ ಕಪ್ಪಿರಬೇಕು, ಅಂಚಿಗೆ ಕೂದಲೆಳೆಯಷ್ಟು ಬಿಳಿ. ಅಲ್ಲೇ ನೋವಿರೋದು."

ಕುಂಚವನ್ನು ಬಲಗೈಯಲ್ಲಿ ಹಿಡಿದ. ಕೈ ಸ್ಕೂಟರಿನ ಹಾಗೆ ನಡುಗಿತು. ಆಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಡಗೈಗೆ ಬದಲಿಸಿದ. ನಡುಕ ನಿಂತಿತು.

ಅಂಗೈಗಳು ಮುಗಿದವು. ಪಾದಗಳು ಮುಗಿದವು. ಪಕ್ಕೆಯ ಮುಂದೆ ಬಂದು ನಿಂತು, ಬೆರಳ ಗಂಟು ನೋಡಿಕೊಂಡು, ಎಲ್ಲ ಮೂರ್ತಿಗಳಿಗೂ ಇರುವ ಹಾಗೆ ಬಲಕ್ಕೇ ಇರಲಿ ಎಂದು ತೀರ್ಮಾನಿಸಿದ. ಎಡಕ್ಕೆ ಕೆರೆದಿದ್ದ ಗೀರಿಗೆ ಕಂದು ಬಳಿದ. ಬಲಕ್ಕೆ ನಿಲುವಂಗಿಯಲ್ಲಿ ಸೀಳು ಕೊರೆದ, ಒಳಗೆ ಗಾಯ ಬರೆದ. ಕೂದಲೆಳೆಯಷ್ಟು ಬಿಳಿ ಎಳೆದು ಹಿಂದೆ ಸರಿದಾಗ ಅವನಿಗೇ ಮೈ ಜುಮ್ಮೆಂದಿತು. ಅದು ಗಾಯದ ಹಾಗಿರಲಿಲ್ಲ, ಗಾಯವೇ ಆಗಿತ್ತು. ಅಪ್ಪ ಇದ್ದಿದ್ದರೆ ಏನಾದರೂ ಒಂದು ತಪ್ಪು ಹುಡುಕಲು ಬಹಳ ಹೊತ್ತು ಬೇಕಾಗುತ್ತಿತ್ತು.

ಬಾಗಿಲು ಬಡಿದರು. ಚರ್ಚಿನವರು ಗಾಡಿ ತಂದಿದ್ದರು.

ಸಂಜೆ ಚರ್ಚಿನಲ್ಲಿ ಬಟ್ಟೆ ಸರಿಸಿದಾಗ ಜನ ಉಸಿರು ಬಿಗಿಹಿಡಿದರು. ಗುರುಗಳು ಕನ್ನಡಕ ಏರಿಸಿ ಅಂಗೈ ನೋಡಿದರು, ಪಾದ ನೋಡಿದರು, ಪಕ್ಕೆಯ ಮುಂದೆ ತುಂಬ ಹೊತ್ತು ನಿಂತರು. "ನೋಡಿ, ಇದು ಕೈ ಅಂದರೆ. ಇಂಥ ಗಾಯ ಬರೆಯುವವರು ಇವತ್ತು ಯಾರಿದ್ದಾರೆ?"

"ಇಷ್ಟು ವರ್ಷ ಆದರೂ ಇನ್ನೂ ಹಸಿಯಾಗೇ ಕಾಣುತ್ತೆ!" ಅಂದ ಕ್ಷೌರಿಕ. "ನಾನು ಹೇಳಿರಲಿಲ್ವಾ, ಬಲಕ್ಕೇ ಅಂತ?"

"ನಿಮ್ಮ ತಂದೆಯ ಕೆಲಸವನ್ನ ಮುಟ್ಟದೆ ಉಳಿಸಿದಿರಲ್ಲ" ಎಂದು ಗುರುಗಳು ಎಡಚಣ್ಣನ ಹೆಗಲು ತಟ್ಟಿದರು. "ಅದೇ ದೊಡ್ಡದು. ತನಗೆ ಏನು ಬರಲ್ಲ ಅನ್ನೋದು ತಿಳಿದಿರೋದೂ ಒಂದು ವಿದ್ಯೆ."

ಎಡಚಣ್ಣ ಬಾಯಿ ತೆರೆದ. ಅಷ್ಟರಲ್ಲಿ ವಿಷಯ ತಿಳಿದಿದ್ದ ಹೆಂಡತಿ ತೋಳು ಚಿವುಟಿದಳು. ಬಾಯಿ ಮುಚ್ಚಿದ. ಅಪ್ಪನ ಹೆಸರು ಉಳಿಯಿತಲ್ಲ, ತನಗಿನ್ನೇನು ಬೇಕು? ಹಾಗೆಂದುಕೊಂಡ. ಆದರೂ ಒಬ್ಬರಾದರೂ, ಕನಿಷ್ಠ ಭಾವಮೈದುನನಾದರೂ, ತನ್ನ ಕಡೆ ಒಂದು ಸಲ ನೋಡಬಾರದೇ ಅನ್ನಿಸಿತು. ಭಾವಮೈದುನ ಚರ್ಚಿನ ಗೋಡೆಯ ಪುಟ್ಟಿ ನೋಡುತ್ತಿದ್ದ.

ಆಗ ಮೇಣದ ಬತ್ತಿ ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಎಡಗೈಯಲ್ಲಿ ಬತ್ತಿ. ಬಲಗೈ ಎದುರಿಗೆ ನೆಟ್ಟಗೆ ಚಾಚಿತು, ದಿನಾ ಹೋಗುವ ದಾರಿ ಹಿಡಿದ ದನದ ಹಾಗೆ. ಅದು ಹೋದದ್ದು ಸಂತರ ಎಡ ಪಕ್ಕೆಗೆ.

"ಎಲ್ಲಿ ಹೋಯ್ತು?" ಅಜ್ಜಿ ಸಪಾಟು ನಿಲುವಂಗಿಯನ್ನು ಸವರಿದಳು. "ಇಲ್ಲೇ ಇತ್ತಲ್ಲ." ಬೆರಳಿನಿಂದ ಒಂದು ಸಲ ಒತ್ತಿದಳು.

ಉಪ್ಪು ಕಾಗದ ಆ ಆಳಕ್ಕೆ ಇಳಿದಿರಲಿಲ್ಲ. ಮೇಣ ಕುಡಿದ ಹಳೆಯ ಬಣ್ಣದ ಮೇಲೆ ನೀರು ಕಲೆಸಿದ ಗೋಡೆಯ ಪುಟ್ಟಿ ಎಷ್ಟು ಹೊತ್ತು ನಿಂತೀತು? ಟಪ್ ಎಂದು ಒಂದು ಬಿಳಿ ಗಟ್ಟಿ ನೆಲಕ್ಕೆ ಬಿತ್ತು. ಅಜ್ಜಿಯ ಬೆರಳು ಒಳಗೆ ಹೋಯಿತು. "ಹಾಂ, ಸಿಕ್ತು" ಅಂದಳು ಸಮಾಧಾನವಾಗಿ.

ಜನ ಮನಸ್ಸಿನಲ್ಲೇ ಎಣಿಸಿದರು. ಎಣಿಸಿದವರೆಲ್ಲ ಮತ್ತೊಂದು ಸಲ ಎಣಿಸಿದರು.

"ಆರು" ಅಂದ ಗಂಟೆಯವನು.

ಎಡ ಪಕ್ಕೆಯ ಸೀಳಿನೊಳಗೆ, ಸಾವಿರ ಬೆರಳು ತಾಗಿ ಕಪ್ಪಾದ, ಅಂಚು ಸವೆದ, ಸ್ವಲ್ಪ ಸೊಟ್ಟನೆಯ ಹಳೆಯ ಗಾಯವೊಂದು ಕಾಣುತ್ತಿತ್ತು. ಅದನ್ನು ಕಂಡದ್ದೇ ಎಡಚಣ್ಣನಿಗೆ ಆ ಮಧ್ಯಾಹ್ನ ಪೂರ್ತಿ ವಾಪಸು ಬಂತು. ಎದುರಿಗೆ ನಿಂತವರ ಎಡ ಬಲ ಅಪ್ಪನಿಗೂ ಗೊಂದಲವೇ. "ಲೋ, ಸಂತರ ಪಕ್ಕ ಅವರ ಹಾಗೇ ತಿರುಗಿ ನಿಂತ್ಕೋ. ಈಗ ಬಲಗೈ ಎತ್ತು. ಬಲಗೈ ಅಂದ್ರೆ ಉಣ್ಣೋ ಕೈ." ಅವನು ತಾನು ಉಣ್ಣುವ ಕೈಯನ್ನೇ ಎತ್ತಿದ್ದ. ಅಪ್ಪ ಆ ಕಡೆಗೇ ಕೊರೆದ. ಕೊರೆದು, ಬಣ್ಣ ತುಂಬಿ, ಹಿಂದೆ ಸರಿದು ನೋಡಿದಾಗ ಹುಡುಗನ ಎಡಗೈ ಇನ್ನೂ ಮೇಲೇ ಇತ್ತು. ಅಪ್ಪ ಬೈಯಲಿಲ್ಲ. ಕುಂಚ ಕೆಳಗಿಟ್ಟು ನಕ್ಕ. "ಇರಲಿ ಬಿಡೋ. ಸಂತರೂ ನಿನ್ನ ಹಾಗೇ ಎಡಚರು ಅಂದ್ಕೊಳ್ಳೋಣ. ನೀನು ತೋರಿಸಿದ ಕಡೆಯೇ ಬಲ."

"ಇದು ಯಾರ ಕೆಲಸ?" ಗುರುಗಳ ದನಿ ಬದಲಾಗಿತ್ತು.

"ಅದು... ಅದು ನಮ್ಮಪ್ಪನದು ಗುರುಗಳೇ" ಅಂದ ಎಡಚಣ್ಣ. ಅವನ ಕಣ್ಣು ತುಂಬಿತ್ತು.

"ಥೂ! ಸತ್ತ ಅಪ್ಪನ ಮೇಲೆ ಹಾಕ್ತೀಯಲ್ಲೋ!" ಕ್ಷೌರಿಕ ಮುಂದೆ ಬಂದ. "ಕಣ್ಣಿಲ್ವಾ ನಮಗೆ? ಆ ಕಡೆಯದು ಕಸುಬುದಾರನ ಕೈ. ಈ ಕಡೆಯದು ಕೋಳಿ ಕೆದರಿದ ಹಾಗಿದೆ. ಬೆಳಿಗ್ಗೆ ನನ್ನ ಹತ್ರ ಎಡವೋ ಬಲವೋ ಅಂತ ಕೇಳಿದ್ದು ಇದಕ್ಕೇನಾ?"

"ಅಪ್ಪನ ಸಮಕ್ಕೆ ನಾನೂ ಒಂದು ಬರೀತೀನಿ ಅಂತ ಹೊರಟಿರಬೇಕು" ಅಂದಳು ಪಕ್ಕದ ಮನೆಯಾಕೆ. "ಬರದೆ ಪುಟ್ಟಿ ಹಾಕಿ ಮುಚ್ಚಿದ್ದಾನೆ."

"ದಿನಾ ಮುಟ್ಟೋಳು ನಾನು, ಇದೇ ಹಳೇದು" ಅಂದಳು ಅಜ್ಜಿ.

"ನಿಂಗೆ ಕಣ್ಣು ಕಾಣಲ್ಲ, ಸುಮ್ನಿರಜ್ಜಿ" ಅಂದರು ಎಲ್ಲರೂ.

ಗುರುಗಳು ಕೈ ಎತ್ತಿ ಗದ್ದಲ ನಿಲ್ಲಿಸಿದರು. ಅವರು ಕರುಣೆಯುಳ್ಳವರು. "ಆಸೆ ತಪ್ಪಲ್ಲ" ಅಂದರು. "ಆದರೆ ಸಂತರಿಗೆ ಐದೇ ಗಾಯ. ಪ್ರಾರ್ಥನೆ ಶುರುವಾಗೋ ಮುಂಚೆ ನಿಮ್ಮದನ್ನ ಮುಚ್ಚಿಬಿಡಿ. ತಂದೆಯವರದ್ದು ಹಾಗೇ ಇರಲಿ."

ಜನ ಹೊರಗೆ ಸರಿದರು. ಎಡಚಣ್ಣ ಮೂರ್ತಿಯ ಮುಂದೆ ಮೊಣಕಾಲೂರಿ ಕೂತ. ಒಂದು ಕಡೆ ಅವನ ಗಾಯ, ಅಪ್ಪನ ಹೆಸರಲ್ಲಿ. ಇನ್ನೊಂದು ಕಡೆ ಅಪ್ಪನ ಗಾಯ, ಅವನ ಹೆಸರಲ್ಲಿ. ಭಾವಮೈದುನ ಪಶ್ಚಾತ್ತಾಪದಿಂದ ಎರಡು ಡಬ್ಬಿ ತಂದು ಪಕ್ಕದಲ್ಲಿಟ್ಟ.

"ಭಾವ, ಇದು ಮೂರ್ತಿಗೆ ಹಾಕೋ ನಿಮ್ಮ ಗಟ್ಟಿ ಪುಟ್ಟಿ. ಇದು ಮೆತ್ತಿದರೆ ಜನ್ಮದಲ್ಲಿ ಬೀಳಲ್ಲ."

"ಇನ್ನೊಂದು ಡಬ್ಬಿಯಲ್ಲಿ ಏನು?"

"ಅದು ನನ್ನ ಗೋಡೆ ಪುಟ್ಟಿ. ಅದು ಬೇಡ ಬಿಡಿ, ನಿಲ್ಲಲಿಲ್ಲವಲ್ಲ."

ಬಾಗಿಲಲ್ಲಿ ಅಜ್ಜಿ ನಾಳೆಗೆಂದು ಬತ್ತಿಗಳನ್ನು ಜೋಡಿಸುತ್ತಿದ್ದಳು. ಎಡಚಣ್ಣ ಅವಳ ಬೆರಳುಗಳನ್ನು ನೋಡಿದ. ಬಾಯಲ್ಲಿದ್ದ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ.

"ಗೊತ್ತು" ಅಂದ. "ಅದನ್ನೇ ಕೊಡು. ಸ್ವಲ್ಪ ನೀರು ಜಾಸ್ತಿ ಹಾಕು."